ಪ್ಯಾರಸೈಟ್‌ಗೆ ತಲೆ ಇಲ್ಲ ಕಣ್ರೀ

ಇವತ್ತು ಒಂದು ಸೈನ್ಸ್ ಎಕ್ಸಿಬಿಷನ್‌ಗೆ ಜಡ್ಜ್ ಆಗಿ ಹೋಗಿ ತಲೆ ಕೆಡಿಸ್ಕೊಂಡು ಬಂದೆ. ಒಬ್ಬ ಹುಡುಗ ಆಫ್ರಿಕಾದ ನಿದ್ರಾರೋಗದ ಮೇಲೆ ಚಾರ್ಟ್ ಮಾಡಿದ್ದ, ಥರ್ಮಾಕೋಲಿನ ತ್ಸೆತ್ಸೆ ನೊಣ ಬೇರೆ (ರೋಗ ಹರಡೋದು ಅದೇ), ಸಖತ್ತಾಗಿತ್ತು. "ಆಂಟಿಬಾಡಿ ಬರ್ತಿದೆ ಅಂತ ಗೊತ್ತಾದ ತಕ್ಷಣ ಟ್ರಿಪನೊಸೋಮ ಕೋಟ್ ಚೇಂಜ್ ಮಾಡಿ ಮೋಸ ಮಾಡುತ್ತೆ ಮೇಡಂ" ಅಂದ. ಟ್ರಿಪನೊಸೋಮ ಅಂದ್ರೆ ಆ ರೋಗ ತರೋ ಪ್ಯಾರಸೈಟು, ಆಂಟಿಬಾಡಿ ಅಂದ್ರೆ ರೋಗಾಣು ಹಿಡಿಯೋಕೆ ನಮ್ಮ ಮೈ ಮಾಡೋ ಪ್ರೋಟೀನು. ಪಕ್ಕದ ಜಡ್ಜ್ ಮಹಾಶಯರು "ಎಂಥಾ ಕಿಲಾಡಿ ನೋಡಿ!" ಅಂತ ಹತ್ತಕ್ಕೆ ಹತ್ತು ಕೊಟ್ಟೇಬಿಟ್ರು.

ಯಾವ ಕಿಲಾಡಿ ರೀ? ಇರೋದೇ ಒಂದು ಜೀವಕೋಶ, ಕಿಲಾಡಿತನ ಎಲ್ಲಿ ಇಟ್ಕೊಳ್ಳುತ್ತೆ?

ಅದರ ಮೈಮೇಲೆ ಒಂದೇ ಥರದ ಪ್ರೋಟೀನು, ಸುಮಾರು 1 ಕೋಟಿ, ಒತ್ತೊತ್ತಾಗಿ. ಅದೇ ಕೋಟು. ಈ ಕೋಟು ಹೊಲಿಯೋ ಜೀನುಗಳು ಸಾವಿರಗಟ್ಟಲೆ, ಮುಕ್ಕಾಲುಪಾಲು ಮುರಿದವು, ಆದ್ರೆ ಒಂದು ಸಲಕ್ಕೆ ನಡೆಯೋದು ಒಂದೇ. ಆಗಾಗ ಎಲ್ಲೋ ಒಂದೆರಡು ಪ್ಯಾರಸೈಟು ಸುಮ್ಮನೆ ಬೇರೆ ಕೋಟಿಗೆ ಜಾರ್ತವೆ, ಆಂಟಿಬಾಡಿಯ ಗಾಳಿನೇ ಸೋಕದ ಲ್ಯಾಬ್ ಫ್ಲಾಸ್ಕಿನಲ್ಲೂ ಜಾರ್ತವೆ. ರಕ್ತದಲ್ಲಾದ್ರೆ ಆಂಟಿಬಾಡಿ ಹಳೇ ಕೋಟಿನವನ್ನೆಲ್ಲ ಗುಡಿಸಿ ಹಾಕುತ್ತೆ, ಈ ಒಂದೆರಡು ಉಳೀತವೆ, ಹೆಚ್ತವೆ, ಅವಕ್ಕೂ ಆಂಟಿಬಾಡಿ ಬರುತ್ತೆ, ಅಷ್ಟರಲ್ಲಿ ಇನ್ಯಾವುದೋ ಜಾರಿರುತ್ತೆ, ಹೀಗೇ ತಿಂಗಳುಗಟ್ಟಲೆ. 1910ರಲ್ಲೇ ರೊನಾಲ್ಡ್ ರಾಸ್ (ಹೌದು, ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾ ಪ್ಯಾರಸೈಟ್ ಕಂಡುಹಿಡಿದ ಆ ರಾಸೇ) ಮತ್ತು ಥಾಮ್ಸನ್ ಒಬ್ಬ ರೋಗಿಯ ರಕ್ತ ದಿನಾ ಎಣಿಸಿ ಈ ಏರಿಳಿತದ ಗ್ರಾಫ್ ಹಾಕಿದ್ರು.

ನಮ್ಮಮ್ಮ ಗದ್ದೆ ಕಳೆ ಕೀಳೋವಾಗ ಭತ್ತದ ಪೈರಿನ ಹಾಗೇ ಕಾಣೋ ಹುಲ್ಲು ಮಾತ್ರ ಉಳ್ಕೊಳ್ತಿತ್ತು. ಹುಲ್ಲೇನು ಪ್ಲಾನ್ ಮಾಡಿತ್ತಾ? ಅಮ್ಮನ ಕೈಯೇ ಅದನ್ನ ಆರಿಸಿ ಬಿಟ್ಟಿದ್ದು. ನಮ್ಮ ಇಮ್ಯುನಿಟಿ ಮಾಡೋದೂ ಅದೇ ಕಳೆ ಕೀಳೋ ಕೆಲಸ. ಆದ್ರೆ ಕ್ರೆಡಿಟ್ ಮಾತ್ರ ಪ್ಯಾರಸೈಟಿನ ಬುದ್ಧಿಗೆ!

ಆ ಜಡ್ಜು ಸುಮ್ನಿರ್ದೆ, "ಏರಿಳಿತ ಪೂರ್ತಿ ಆಂಟಿಬಾಡಿಯಿಂದ ಅಲ್ಲ ಮೇಡಂ, ಸಂಖ್ಯೆ ಜಾಸ್ತಿಯಾದ್ರೆ ಅವೇ ಬೆಳೆಯೋದು ನಿಲ್ಲಿಸಿ ನೊಣದೊಳಗೆ ಹೋಗೋಕೆ ರೆಡಿಯಾಗ್ತವೆ" ಅಂದ್ರು. ನಿಜ. ಓದ್ಕೊಂಡಿದಾರೆ ಪಾಪ. ಆದ್ರೆ ಯಾವ ಕೋಟು ಉಳೀಬೇಕು ಅನ್ನೋ ಪ್ರಶ್ನೆಗೆ ಅದು ಉತ್ತರ ಅಲ್ವಲ್ಲ ಸ್ವಾಮಿ. "ಮಕ್ಕಳಿಗೆ ಕಥೆ ಥರ ಹೇಳಿದ್ರೆ ತಪ್ಪೇನು" ಅಂತ ಇನ್ನೊಂದು. ತಪ್ಪೇ. ಕಥೆಯಲ್ಲಿ ಮುಖ್ಯ ಪಾತ್ರನೇ ಬದಲಾಯ್ತಲ್ಲ.

ಇಷ್ಟೆಲ್ಲ ಕೂಗಾಡ್ತೀನಲ್ಲ, ನಾನೇ ಎಂಟು ವರ್ಷ ಕ್ಲಾಸಲ್ಲಿ "ವೇಷ ಬದಲಿಸೋ ಕಳ್ಳ" ಅಂತ ಆಕ್ಟಿಂಗ್ ಮಾಡಿ ತೋರಿಸಿದೀನಿ, ಲಾಸ್ಟ್ ಬೆಂಚಿನವರು ನಗ್ತಿದ್ರು, ಖುಷಿಯಾಗ್ತಿತ್ತು.

ಹುಡುಗನಿಗೆ ಎಷ್ಟು ಕೊಟ್ಟೆ ಅಂತ ಕೇಳ್ತೀರಾ? ಎಂಟು. ಅದರಲ್ಲಿ ಮೂರು ನೊಣಕ್ಕೆ.