ಊರು ಕುಸಿದರೇನು, ಹೆಸರು ಹೊಸದು

ಪಕ್ಕದ ಮನೆಯ ರಾಯರು ಬದರಿಗೆ ಹೊರಟಿದ್ದಾರೆ. ಟೂರಿನವರು ಕೊಟ್ಟ ಹಾಳೆಯಲ್ಲಿ "ಜ್ಯೋತಿರ್ಮಠ, ಒಂದು ರಾತ್ರಿ" ಅಂತಿದೆ. ಇದ್ಯಾವ ಊರಯ್ಯಾ ಅಂತ ಹಾಳೆ ಹಿಡಿದುಕೊಂಡೇ ಬಂದರು. ಜೋಶಿಮಠವೇ ರಾಯರೇ, 2024ರ ಜೂನಿನಲ್ಲಿ ತಾಲ್ಲೂಕಿನ ಹೆಸರು ಬದಲಾಯಿಸಿದರು ಅಂದೆ.

"ಅಲ್ಲಿ ಮನೆಗಳೆಲ್ಲ ಬಿರುಕು ಬಿಟ್ಟಿದ್ವಲ್ಲ, ಸರಿಮಾಡಿದ್ರಾ?"

"ಹೆಸರು ಸರಿಮಾಡಿದ್ದಾರೆ."

ಹೆಸರಿನ ಬಗ್ಗೆ ನನ್ನ ತಕರಾರೇನಿಲ್ಲ. ಶಂಕರಾಚಾರ್ಯರ ನಾಲ್ಕು ಮಠಗಳಲ್ಲಿ ನಮ್ಮ ಶೃಂಗೇರಿ ಒಂದು, ಅದು ಇನ್ನೊಂದು. ಹೆಸರೂ ಹಳೆಯದೇ, ಚೆಂದವಾಗಿಯೇ ಇದೆ. ನೆಲ ಹಿಡಿದು ನಿಲ್ಲಿಸುವುದಕ್ಕಿಂತ ಬೋರ್ಡು ಬರೆಸುವುದು ಸುಲಭ, ಖರ್ಚೂ ಕಡಿಮೆ.

ಇಂಥ ಚಿಕಿತ್ಸೆ ಶುರುವಾಗಿದ್ದು 2023ರ ಜನವರಿಯಲ್ಲಿ. 12 ದಿನಕ್ಕೆ ಊರು 5.4 ಸೆಂಟಿಮೀಟರ್ ಕೆಳಗಿಳಿದಿದೆ ಅಂತ ಇಸ್ರೋದವರು ಉಪಗ್ರಹದಲ್ಲಿ ನೋಡಿ ಹೇಳಿಬಿಟ್ಟರು. ಪಾಪ, ಲೋಕಜ್ಞಾನ ಕಮ್ಮಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಕೂಡಲೇ ವಿಪತ್ತನ್ನು ನಿರ್ವಹಿಸಿತು. ಯಾವ ಸಂಸ್ಥೆಯೂ ಮಾಧ್ಯಮದ ಮುಂದೆ ಮಾತಾಡಬಾರದು ಅಂತ ಪತ್ರ ಹೊರಟಿತು, ಇಸ್ರೋ ವರದಿ ವೆಬ್‌ಸೈಟಿನಿಂದ ಮಾಯವಾಯಿತು. ಬಾಯಿ ಬಿಟ್ಟಿದ್ದು ನೆಲ, ಬೀಗ ಬಿದ್ದಿದ್ದು ವಿಜ್ಞಾನಿಗಳ ಬಾಯಿಗೆ.

ಅಂದಹಾಗೆ ಅಲ್ಲೊಂದು ನರಸಿಂಹ ದೇವಸ್ಥಾನವಿದೆ. ಮೂರ್ತಿಯ ಒಂದು ಕೈ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತಾ ಬರುತ್ತಿದೆಯಂತೆ, ಅದು ಮುರಿದ ದಿನ ಬೆಟ್ಟಗಳೆರಡು ಕೂಡಿಕೊಂಡು ಬದರಿಯ ದಾರಿ ಮುಚ್ಚುತ್ತದಂತೆ. ದೇವರಿಗೂ ಅನುಮಾನ ಇದ್ದೇ ಇತ್ತು ಅಲ್ವಾ? ನಾವು ಕೇಳಿದ ಕಥೆಯಲ್ಲಿ ಕಂಬ ಬಿರಿದರೆ ನರಸಿಂಹ ಬರುತ್ತಾನೆ. ಇಲ್ಲಿ 800ಕ್ಕೂ ಹೆಚ್ಚು ಕಟ್ಟಡ ಬಿರಿದವು, ಬಂದವರು ಮಾತ್ರ ಕೆಂಪು ಬಣ್ಣದ ಡಬ್ಬಿ ಹಿಡಿದ ಸಿಬ್ಬಂದಿ. ವಾಸಕ್ಕೆ ಲಾಯಕ್ಕಲ್ಲ ಅಂತ ಗೋಡೆ ಮೇಲೊಂದು ಇಂಟು ಗುರುತು ಎಳೆದರು. ಅವತಾರ ಸಮಾಪ್ತಿ.

ದೇವರ ಮಾತು ಬಿಡಿ, 1976ರಲ್ಲೇ ಮಿಶ್ರಾ ಸಮಿತಿ ಬರೆದುಕೊಟ್ಟಿತ್ತು. ಈ ಊರು ಕೂತಿರುವುದು ಗಟ್ಟಿ ಬಂಡೆ ಮೇಲಲ್ಲ, ಎಂದೋ ಗುಡ್ಡ ಕುಸಿದು ಬಿದ್ದ ಮಣ್ಣು-ಕಲ್ಲಿನ ರಾಶಿ ಮೇಲೆ. ಸಿಡಿಮದ್ದು ಇಡಬೇಡಿ, ಮರ ಕಡಿಯಬೇಡಿ, ನೀರು ಹರಿದು ಹೋಗೋಕೆ ಸರಿಯಾಗಿ ಚರಂಡಿ ಮಾಡಿ ಅಂತ. ಚರಂಡಿ ಕಣ್ರೀ! ಬುಲೆಟ್ ರೈಲು ಕೇಳಿರಲಿಲ್ಲ. ಕೊಟ್ಟಿದ್ದು ಸಾಲು ಸಾಲು ಹೋಟೆಲು, ಅಗಲ ರಸ್ತೆ, ಅಲ್ಲೇ ಹತ್ತಿರದ ಬೆಟ್ಟದಲ್ಲಿ 520 ಮೆಗಾವ್ಯಾಟ್ ವಿದ್ಯುತ್ ಯೋಜನೆಗೊಂದು ಸುರಂಗ. ಸುರಂಗಕ್ಕೂ ಕುಸಿತಕ್ಕೂ ಸಂಬಂಧವಿಲ್ಲ ಅಂತ ಯೋಜನೆಯವರೇ ಹೇಳಿದ್ದಾರೆ, ಇನ್ನೇನು ಬೇಕು.

ತಮಾಷೆ ಸಾಕಾಯ್ತು. ಜನವರಿ ಚಳಿಯಲ್ಲಿ, ಅದೂ ಆರು ಸಾವಿರ ಅಡಿ ಎತ್ತರದಲ್ಲಿ, ಸಾಲ ಮಾಡಿ ಕಟ್ಟಿದ ಮನೆ ಬಿಟ್ಟು ಮಕ್ಕಳನ್ನು ಕಟ್ಟಿಕೊಂಡು ಶಾಲೆಯಲ್ಲಿ ಮಲಗಿದವರು ಆ ರಾತ್ರಿ ಕೇಳಿದ್ದು ಹೊಸ ಹೆಸರಲ್ಲ. 47 ವರ್ಷ ಟೈಮ್ ಇತ್ತು. ಒಂದು ಚರಂಡಿ ಆಗಲಿಲ್ಲ.

ರಾಯರು ನನ್ನೆದುರೇ ಟೂರಿನವನಿಗೆ ಫೋನ್ ಹಚ್ಚಿದರು. ಹೋಟೆಲ್ ಗಟ್ಟಿ ಇದೆಯೇನಪ್ಪಾ ಅಂತ ಕೇಳಿದರು.

"ಸುಮ್ನೆ ಹೆದರ್ಕೋಬೇಡಿ ಸಾರ್. ಕುಸಿದಿದ್ದು ಜೋಶಿಮಠ. ನಾವು ನಿಮ್ಮನ್ನ ಇಳಿಸೋದು ಜ್ಯೋತಿರ್ಮಠದಲ್ಲಿ."