ಎಲೆಗೆ ಬೆಂಕಿ ಇಡಬೇಡಿ, ದಯವಿಟ್ಟು

ಇವತ್ತು ಬೆಳಿಗ್ಗೆ ಮತ್ತೆ ಅದೇ ಹೊಗೆ. ಮೈಸೂರು ಕುವೆಂಪುನಗರದ ನಮ್ಮ ಬೀದಿಯ ಹೊಂಗೆ ಮರಗಳು ಎಲೆ ಉದುರಿಸುವ ಕಾಲ ಇದು. ಗುಡಿಸಿ ಮೋರಿ ಪಕ್ಕ ಗುಡ್ಡೆ ಹಾಕುವುದು, ಕಡ್ಡಿ ಗೀರುವುದು. ಅಮ್ಮನ ಉಬ್ಬಸದ ವಿಷಯ ನಿಮಗೆಲ್ಲ ಗೊತ್ತೇ ಇದೆ. ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಒಳಗೆ ಕೂತಿದ್ದಾರೆ. ನನಗೆ ಸಿಟ್ಟು ತಡೆಯಲಾಗುತ್ತಿಲ್ಲ.

ಬೆಂಕಿ ಇಟ್ಟವರು ಕೆಟ್ಟವರಲ್ಲ. ಯುಗಾದಿಗೆ ಒಬ್ಬಟ್ಟು ಕಳಿಸುವವರೇ. ಕೇಳಿದ್ದಕ್ಕೆ, "ನಮ್ಮನೆ ಮುಂದೆ ಕ್ಲೀನಾಗಿರಬೇಕಲ್ವಾ ಮೇಡಂ" ಎಂದರು. ನನ್ನ ತಕರಾರು ಈ ಮಾತಿನ ಮೇಲೆಯೇ. ಗೇಟಿನ ಮುಂದಿನ ಜಾಗ ನಿಮ್ಮದು, ಸರಿ. ಗಾಳಿ ಯಾರದ್ದು?

ಬಯಲಲ್ಲಿ ಕಸ ಸುಡಬಾರದು ಎಂದು 2016ರಲ್ಲೇ ನಿಯಮ ಬಂತು. ಅದೇ ವರ್ಷ ಸ್ವಚ್ಛ ಸರ್ವೇಕ್ಷಣದಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದಿತ್ತು. ಎಷ್ಟು ಹೆಮ್ಮೆಪಟ್ಟಿದ್ದೆವು! ಆದರೆ ಆ ಹೆಸರಿನ ಹಿಂದೆ ಪೌರಕಾರ್ಮಿಕರ ಬೆವರಿದೆ. ಕುಂಬಾರಕೊಪ್ಪಲಿನ ಘಟಕದಲ್ಲಿ ಕೈಯಾರೆ ಕಸ ಬೇರೆ ಮಾಡಿ, ಗೊಬ್ಬರ ಮಾಡಿದವರ ದುಡಿಮೆ ಇದೆ. ನಾವು ಒಂದು ಬೀದಿಯ ಎಲೆಯನ್ನೂ ನೋಡಿಕೊಳ್ಳದಿದ್ದರೆ ಹೇಗೆ?

ಒಬ್ಬೊಬ್ಬರೇ ಮಾಡುವುದು ಕಷ್ಟ, ಒಪ್ಪುತ್ತೇನೆ. 30x40 ಅಡಿ ಸೈಟಿನಲ್ಲಿ ಹಿತ್ತಲೇ ಇಲ್ಲ. ಅದಕ್ಕೇ ಒಟ್ಟಿಗೆ ಮಾಡೋಣ ಅನ್ನುತ್ತಿರುವುದು. ಪಾರ್ಕಿನ ಒಂದು ಮೂಲೆಯಲ್ಲಿ ನಾಲ್ಕು ಗೂಟ ನೆಟ್ಟು ಸುತ್ತ ತಂತಿ ಜಾಲರಿ ಕಟ್ಟಿದರೆ ಸಾಕು. ಎಲೆ ತುಂಬಿ ಕಾಲಲ್ಲಿ ತುಳಿಯಬೇಕು, ಮೇಲೆ ಸಗಣಿ ನೀರು ಚಿಮುಕಿಸಬೇಕು. ತೇವ ಆರದ ಹಾಗೆ ನೋಡಿಕೊಂಡರೆ ಎದೆಮಟ್ಟದ ರಾಶಿ ದಿನ ಕಳೆದಂತೆ ಕುಸಿಯುತ್ತದೆ. ಕೆಲವು ತಿಂಗಳಲ್ಲಿ ಕಪ್ಪು, ಉದುರುದುರು ಗೊಬ್ಬರ. ಹೊಂಗೆ ಎಲೆಯ ಬೆಲೆ ಏನು ಅಂತ ಮಂಡ್ಯದ ಯಾವ ರೈತರನ್ನಾದರೂ ಕೇಳಿ. ಗದ್ದೆಗೆ ಹಸಿರೆಲೆ ಗೊಬ್ಬರ ಅಂತ ಹಾಕುತ್ತಿದ್ದದ್ದು ಇದನ್ನೇ. ನಾವು ಸುಡುತ್ತೇವೆ, ಆಮೇಲೆ ಕುಂಡದ ಗಿಡಕ್ಕೆ ನರ್ಸರಿಯಿಂದ ಗೊಬ್ಬರ ಕೊಂಡು ತರುತ್ತೇವೆ.

"ಸೊಳ್ಳೆ ಬರುತ್ತೆ, ಹಾವು ಬರುತ್ತೆ" ಅನ್ನುತ್ತಾರೆ. ಸೊಳ್ಳೆ ಮೊಟ್ಟೆ ಇಡುವುದು ನಿಂತ ನೀರಲ್ಲಿ. ಹಾವು ಬರುವುದು ಇಲಿ ಹಿಂದೆ, ಇಲಿ ಬರುವುದು ಅನ್ನ ಸಾರಿನ ಆಸೆಗೆ. ಅಡುಗೆ ಉಳಿದದ್ದನ್ನು ಅಲ್ಲಿ ಹಾಕದಿದ್ದರಾಯಿತು. ಹೊಗೆ ಕುಡಿಯಲು ಹೆದರದವರು ಇದಕ್ಕೆ ಯಾಕೆ ಹೆದರಬೇಕು?

ಭಾನುವಾರ ಬೆಳಿಗ್ಗೆ ಏಳಕ್ಕೆ ಪಾರ್ಕಿನಲ್ಲಿ ಇರುತ್ತೇನೆ. ಪಾರ್ಕು ನೋಡಿಕೊಳ್ಳುವವರು ಒಪ್ಪಿದ್ದಾರೆ, ಜಾಲರಿ ನಾನು ತರುತ್ತೇನೆ. ಗೂಟ ಬೇಕು. ಸಗಣಿ ಎಲ್ಲಿ ಸಿಗುತ್ತದೆ ಗೊತ್ತಿದ್ದವರು ಹೇಳಿ. ಅಲ್ಲಿಯವರೆಗೆ ಗುಡಿಸಿದ ಎಲೆಯನ್ನು ಚೀಲದಲ್ಲಿ ತುಂಬಿ ನಮ್ಮ ಗೇಟಿನ ಹತ್ತಿರ ಇಟ್ಟು ಹೋಗಿ.