ಹುಲ್ಲು ನುಂಗಿದ ಬಾಣ

ಆರು ಬಾಣ ಬಿಟ್ಟೆ. ನಾಲ್ಕು ಗುರಿಗೆ ತಾಗಿದ್ದವು. ಒಂದು ಗುರಿಯ ಕಾಲಬುಡದಲ್ಲಿ ನೆಲಕ್ಕೆ ನಾಟಿಕೊಂಡಿತ್ತು. ಆರನೆಯದು ಇಲ್ಲ. ಅದು ಗುರಿಯ ನೆತ್ತಿಯ ಮೇಲೆ ಹಾದುಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಎಲ್ಲಿ ಇಳಿಯಿತೆಂಬುದೂ ಗೊತ್ತು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಬರೀ ಹುಲ್ಲು, ಅದೂ ಏನೂ ಅರಿಯದವರ ಮುಖ ಮಾಡಿಕೊಂಡು.

ನಾನಿರುವುದು ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ. ನಡುವಯಸ್ಸು ದಾಟಿದ ಮೇಲೆ ಬಿಲ್ಲುಗಾರಿಕೆಯ ಗೀಳು ಹತ್ತಿಸಿಕೊಂಡೆ. ಹಾಸನದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, "ಈ ವಯಸ್ಸಿನಲ್ಲಿ ಯಾರ ಮೇಲಪ್ಪಾ ಯುದ್ಧ?" ಎಂದು ಕೇಳಿದಳು. ಇಲ್ಲಿನ ಬಿಲ್ಲುಗಾರರ ಭಾಷೆಯೂ ಒಂದು ತಮಾಷೆ. ಯಾರಾದರೂ 'ಫಾಸ್ಟ್!' ಎಂದು ಕೂಗಿದರೆ ಬೇಗ ಬಿಡು ಎಂದಲ್ಲ. ಬಿಡಬೇಡ, ನಿಲ್ಲಿಸು ಎಂದು. ಬಿಗಿಯಾಗಿ ಹಿಡಿ ಎಂಬ ಹಳೆಯ ಅರ್ಥ ಅಲ್ಲಿ ಉಳಿದುಕೊಂಡಿದೆ. ಮೊದಲ ದಿನ ಆ ಕೂಗು ಕೇಳಿ ನಾನು ಗಡಿಬಿಡಿಯಿಂದ ಹೆದೆ ಎಳೆಯಲು ಹೋಗಿದ್ದೆ. ಪಕ್ಕದವರು ನನ್ನ ಕೈ ಹಿಡಿದುಕೊಂಡರು.

ಬಾಣ ಕಳೆಯಲು ಕಾಡೇನೂ ಬೇಕಿಲ್ಲ. ನಮ್ಮದು ಮಟ್ಟಸವಾದ ಮೈದಾನ, ಹುಲ್ಲು ಬೂಟಿನ ಅರ್ಧಕ್ಕೂ ಬರುವುದಿಲ್ಲ. ಆದರೆ ಗುರಿ ತಪ್ಪಿದ ಬಾಣ ನೆಟ್ಟಗೆ ಇಳಿಯುವುದಿಲ್ಲ, ಓರೆಯಾಗಿ ಬಂದು ಜಾರುತ್ತದೆ. ಹಸಿರು ಹುಲ್ಲಿಗೂ ಮಣ್ಣಿಗೂ ನಡುವೆ ಒಣಗಿದ ಹುಲ್ಲು, ಬೇರುಗಳ ಒಂದು ಚಾಪೆ ಇರುತ್ತದೆ. ಅದರಡಿ ಹಾವಿನಂತೆ ನುಸುಳಿ, ಗರಿಯ ಸಮೇತ ಒಳಸೇರಿ, ಹೊದ್ದುಕೊಂಡು ಮಲಗಿಬಿಡುತ್ತದೆ. ಅದರ ಮೇಲೆಯೇ ನಿಂತು "ಎಲ್ಲಿ ಹೋಯಿತು?" ಎಂದು ಕೇಳಿದ್ದೂ ಉಂಟು.

ದ್ರೋಣರು ಹುಲ್ಲುಕಡ್ಡಿಗಳನ್ನೇ ಬಾಣ ಮಾಡಿ ಬಾವಿಗೆ ಬಿದ್ದ ಚೆಂಡನ್ನು ಎತ್ತಿಕೊಟ್ಟರಂತೆ. ನನ್ನ ಕೈಯಲ್ಲಿ ಬಾಣವೇ ಹುಲ್ಲಾಗುತ್ತದೆ. ಇನ್ನು ಕಿಷ್ಕಿಂಧೆಯ ಕಥೆ, ಅಂದರೆ ನಮ್ಮ ಆನೆಗೊಂದಿಯ ಬಂಡೆಗಳ ನಡುವೆಯೇ ನಡೆಯಿತೆಂದು ಜನ ನಂಬುವ ಕಥೆ: ರಾಮ ಬಿಟ್ಟ ಒಂದೇ ಬಾಣ ಏಳು ಸಾಲವೃಕ್ಷಗಳನ್ನು ತೂರಿಕೊಂಡು ಹೋಗಿ, ತಿರುಗಿ ಬಂದು ಬತ್ತಳಿಕೆ ಸೇರಿತು. ಚಿಕ್ಕಂದಿನಲ್ಲಿ ಏಳು ಮರಗಳಿಗೆ ಬೆರಗಾಗಿದ್ದೆ. ಈಗ ಮರಗಳ ಮಾತು ಹಾಗಿರಲಿ, ತಿರುಗಿ ಬಂತಲ್ಲ, ಅದಕ್ಕೆ ಹೊಟ್ಟೆಕಿಚ್ಚು. ಅಕ್ಷಯ ತೂಣೀರದ ಅರ್ಜುನನಿಗಂತೂ ಎಣಿಸುವ ರಗಳೆಯೇ ಇರಲಿಲ್ಲ.

ಹೋದರೆ ಹೋಗಲಿ ಎಂದು ಬಿಡುವಂತಿಲ್ಲ. ವಾರದ ದಿನಗಳಲ್ಲಿ ಅದೇ ಮೈದಾನದಲ್ಲಿ ಮಕ್ಕಳು ಚೆಂಡಾಡುತ್ತಾರೆ, ಹುಲ್ಲು ಕೊಯ್ಯುವ ಯಂತ್ರ ಬರುತ್ತದೆ. ಕಾರ್ಬನ್ ಬಾಣ ಅದರ ಅಲಗಿಗೆ ಸಿಕ್ಕರೆ ಸಿಬಿರು ಸಿಬಿರಾಗಿ ಸಿಡಿಯುತ್ತದೆ. ಹಾಗಾಗಿ ಸಿಗದ ಬಾಣವನ್ನು ಒಂದು ಪುಸ್ತಕದಲ್ಲಿ ದಾಖಲಿಸಬೇಕು. ಎಷ್ಟು, ಯಾವ ಗುರಿಯ ಹಿಂದೆ, ಯಾವ ಬಣ್ಣದ ಗರಿ. ಆ ಪುಸ್ತಕದಲ್ಲಿ ನನ್ನ ಹೆಸರು ಹಾಜರಿಯಂತೆ ವಾರವಾರವೂ ಬೀಳುತ್ತದೆ.

ಅಂದು ನಮ್ಮ ಪೈಕಿಯ ಮುದುಕರೊಬ್ಬರು ಮಾತಾಡದೆ ಹೋಗಿ ಕಾರಿನ ಡಿಕ್ಕಿಯಿಂದ ಲೋಹಶೋಧಕವನ್ನು ತಂದರು. ಉದ್ದನೆಯ ಕೋಲು, ತುದಿಯಲ್ಲಿ ತಿಂಡಿ ತಟ್ಟೆಯಷ್ಟು ಅಗಲದ ಚಕ್ರ. ಚಕ್ರದೊಳಗಿನ ತಂತಿಸುರುಳಿ ನೆಲಕ್ಕೆ ಕಾಂತಕ್ಷೇತ್ರವನ್ನು ಕಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸಣ್ಣದಾಗಿ ವಿದ್ಯುತ್ ಸುಳಿದು ಮರುದನಿ ಕೊಡುತ್ತದೆ. ನನ್ನ ಬಾಣದಲ್ಲಿ ಅದಕ್ಕೆ ಚೆನ್ನಾಗಿ ಕೇಳಿಸುವುದು ಮೂತಿಯ ಉಕ್ಕಿನ ತುಣುಕೊಂದೇ, ಏಳು ಗ್ರಾಂ ಇದ್ದೀತು. ನಿಧಿ ಹುಡುಕುವವರು ಕಬ್ಬಿಣದ ಕಾಟ ಬೇಡವೆಂದು ಯಂತ್ರದ ಆ ಕಿವಿಯನ್ನು ಮುಚ್ಚಿಟ್ಟಿರುತ್ತಾರೆ. ನಮಗೆ ಚಿನ್ನ ಬೇಡ, ಕಬ್ಬಿಣವೇ ಬೇಕು. ಮುದುಕರು ಗುಂಡಿ ಒತ್ತಿ ಕಿವಿ ತೆರೆದರು.

ತೆರೆದದ್ದೇ ತಡ, ಯಂತ್ರ ಅರಚಿಕೊಂಡಿತು. ಹುಡುಕಿದರೆ ಸದ್ದು ನನ್ನ ಬೂಟಿನದು. ಮೂತಿಯಲ್ಲಿ ಉಕ್ಕಿನ ತಗಡಿತ್ತು. ನನ್ನನ್ನು ನಾಲ್ಕು ಮಾರು ದೂರ ನಿಲ್ಲಿಸಿದರು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡನ್ನು ಹುಡುಕಲು ಟೆಲಿಫೋನಿನ ಗ್ರಹಾಂ ಬೆಲ್ ಇಂಥದೇ ಒಂದು ಉಪಕರಣವನ್ನು ತಯಾರಿಸಿ ತಂದಿದ್ದ. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಉಕ್ಕಿನ ಸ್ಪ್ರಿಂಗುಗಳು ಗದ್ದಲ ಎಬ್ಬಿಸಿದವು ಎನ್ನುತ್ತಾರೆ. ಹಾಸಿಗೆಯದೂ ನನ್ನ ಬೂಟಿನದೂ ಒಂದೇ ಜಾತಕ.

ಮುಂದೆ ಸಿಕ್ಕವು ಒಂದು ಬಾಟಲಿ ಮುಚ್ಚಳ, ಡೇರೆಯ ಗೂಟ, ಎರಡು ಮೊಳೆ. ಬೇಸರಪಟ್ಟ ನನಗೆ ಮುದುಕರು ಹಾಕ್ಸನ್‌ನ ಕಥೆ ಹೇಳಿದರು. ಅದೂ ಇದೇ ಸಫೋಕ್‌ನ ಹಳ್ಳಿ. 1992ರ ನವೆಂಬರಿನಲ್ಲಿ ರೈತನೊಬ್ಬ ಹೊಲದಲ್ಲಿ ಸುತ್ತಿಗೆ ಕಳೆದುಕೊಂಡ. ಹುಡುಕಿಕೊಡಲು ಗೆಳೆಯ ಎರಿಕ್ ಲಾಸ್ ಲೋಹಶೋಧಕ ಹಿಡಿದು ಹೋದರು. ಸಿಕ್ಕಿದ್ದು ರೋಮನ್ನರ ಕಾಲದ ನಿಧಿ: ಹದಿನಾಲ್ಕು ಸಾವಿರಕ್ಕೂ ಹೆಚ್ಚು ನಾಣ್ಯಗಳು, ಚಿನ್ನದ ಒಡವೆಗಳು, ಬೆಳ್ಳಿಯ ಚಮಚಗಳು. ನನಗೆ ಹಿಡಿಸಿದ್ದು ಚಿನ್ನವಲ್ಲ. ಸುತ್ತಿಗೆಯೂ ಸಿಕ್ಕಿತು, ಅದೂ ಈಗ ಬ್ರಿಟಿಷ್ ಮ್ಯೂಸಿಯಂ ಸೇರಿದೆ. ಮರದ ಹಿಡಿಯ ಒಂದು ಸಾದಾ ಸುತ್ತಿಗೆಗೆ ಆ ಭಾಗ್ಯ!

ಅಷ್ಟರಲ್ಲಿ ಯಂತ್ರ ಮತ್ತೆ ಕೂಗಿತು, ಈ ಬಾರಿ ಗಿಡ್ಡವಾಗಿ, ಖಚಿತವಾಗಿ. ಮಂಡಿಯೂರಿ ಹುಲ್ಲನ್ನು ತಲೆಗೂದಲಿನಂತೆ ಬೈತಲೆ ತೆಗೆದೆ. ಒಣಹುಲ್ಲಿನಡಿ ಬೆರಳಿಗೆ ತಣ್ಣನೆಯ ದುಂಡು ಕಡ್ಡಿ ತಾಗಿತು. ಹಿಂದಕ್ಕೆ ಎಳೆಯಹೋದಾಗ ಮುದುಕರು ತಡೆದರು. ಹೊಕ್ಕ ದಾರಿಯಲ್ಲಿ ಹಿಂದೆ ಎಳೆದರೆ ಗರಿ ಕಿತ್ತುಬರುತ್ತದೆ. ಮೂತಿ ಹಿಡಿದು ಮುಂದಕ್ಕೇ ಎಳೆಯಬೇಕು. ಮೆಲ್ಲಗೆ ಎಳೆದೆ. ಬಂತು. ಆದರೆ ನನ್ನದಲ್ಲ. ಅಲ್ಯೂಮಿನಿಯಂ ಕಡ್ಡಿ, ಮೈಮೇಲೆ ಬಿಳಿ ಬೂಷ್ಟಿನಂತಹ ಕಲೆ, ಮೂತಿಗೆ ತುಕ್ಕು. ಗರಿ ಎಂದೋ ಮಣ್ಣಾಗಿತ್ತು. ಇಲ್ಲಿ ಬಾಣದ ಮೇಲೆ ಅವರವರ ಹೆಸರಿನ ಅಕ್ಷರ ಬರೆದಿರಬೇಕೆಂಬ ನಿಯಮವಿದೆ. ಮುದುಕರು ಹೆಬ್ಬೆರಳಿಗೆ ಉಗುಳು ಹಚ್ಚಿ ಉಜ್ಜಿದರು, ಕನ್ನಡಕ ಏರಿಸಿ ನೋಡಿದರು. ಅವರದೇ. ಎಷ್ಟು ವರ್ಷದ ಹಿಂದಿನದೋ, ಅವರಿಗೇ ನೆನಪಿಲ್ಲ. ಏನೂ ಆಗಿಲ್ಲವೆಂಬಂತೆ ಅದನ್ನು ಬತ್ತಳಿಕೆಗೆ ಸೇರಿಸಿ ಯಂತ್ರವನ್ನು ಆರಿಸಿದರು.

ನಾನು ಹೋಗಿ ಪುಸ್ತಕ ತೆರೆದೆ. ಬಾಣ: ಒಂದು. ಜಾಗ: ಮೂರನೆಯ ಗುರಿಯ ಹಿಂದೆ. ಗರಿಯ ಬಣ್ಣ ಎಂಬಲ್ಲಿ, ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಚಂದವೆಂದು ನಾನೇ ಆರಿಸಿದ್ದೆನಲ್ಲ, 'ಹಸಿರು' ಎಂದು ಬರೆದೆ. ಬೆನ್ನ ಹಿಂದೆ ಮುದುಕರು ಕೆಮ್ಮಿದರು.